ಸೈಡ್ ರಿದಂ

ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಈಚೆಗೆ ಹೈದರಾಬಾದಿನ ಕಾಚಿಗೂಡದ ನಮ್ಮ ಮನೆಗೆ ಬಂದಿದ್ದಳು. ಹಗಲು ಕಂಪ್ಯೂಟರ್ ಕೆಲಸ. ಶನಿವಾರ, ಭಾನುವಾರ ಹೋಟೆಲುಗಳಲ್ಲಿ ಹಾಡುವವರ ಜೊತೆ ಮರದ ಪೆಟ್ಟಿಗೆಯೊಂದರ ಮೇಲೆ ಕೂತು ಅದನ್ನೇ ಬಾರಿಸುತ್ತಾಳಂತೆ. ಕೆಲಸ ಬಿಟ್ಟು ರೆಕಾರ್ಡಿಂಗ್ ಸ್ಟುಡಿಯೋ ಸೇರುವ ಯೋಚನೆ ಅವಳದು. "ನೀವು ಭಾಳ ವರ್ಷ ಅಲ್ಲೇ ಬಾರಿಸೀರಂತ ಕೇಳೀನ್ರಿ. ಆ ಕೆಲಸ ಹೆಂಗಿರತೈತಿ, ಸ್ವಲ್ಪ ಹೇಳ್ರಿ" ಎಂದಳು. ಚಹಾ ಕೊಟ್ಟೆ, ನಾಲ್ಕು ಒಳ್ಳೆಯ ಮಾತು ಹೇಳಿದೆ, ಕಳಿಸಿದೆ. ಅವಳು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನಾನು ಹೇಳಿದ್ದೆಲ್ಲ ಸನ್ಮಾನ ಸಮಾರಂಭದಲ್ಲಿ ಆಡುವಂಥ ಮಾತು. ನಡೆದದ್ದು ಅದಲ್ಲ. ನಡೆದದ್ದನ್ನು ಇಲ್ಲಿ ಬರೆಯುತ್ತೇನೆ. ಓದಿದ ಮೇಲೂ ಬರುವವರಿದ್ದರೆ ಬರಲಿ.

ಮೊದಲು ವಾದ್ಯಗಳ ವಿಷಯ. ಪುಸ್ತಕ ಹೇಳುವ ಪ್ರಕಾರ ಬಾರಿಸುವ ವಾದ್ಯಗಳಲ್ಲಿ ಮುಖ್ಯವಾಗಿ ಎರಡು ಬಗೆ. ಬಾಯಿಗೆ ಚರ್ಮ ಬಿಗಿದದ್ದು ಒಂದು ಬಗೆ: ತಬಲಾ, ಮೃದಂಗ, ಢೋಲಕ್, ಖಂಜಿರ, ಹಲಗೆ. ಇವು ಚರ್ಮವಾದ್ಯ. ಚರ್ಮದ ಹಂಗಿಲ್ಲದೆ ತಮ್ಮ ಮೈಯಿಂದಲೇ ದನಿ ಕೊಡುವಂಥವು ಇನ್ನೊಂದು ಬಗೆ: ತಾಳ, ಗೆಜ್ಜೆ, ಜಾಗಟೆ, ಚಿಟಿಕೆ, ಮಣ್ಣಿನ ಘಟ. ಇವು ಘನವಾದ್ಯ. ಚರ್ಮವಾದ್ಯವನ್ನು ಶ್ರುತಿಗೆ ತರಬಹುದು. ತಬಲಾದ ಬದಿಯ ಮರದ ಗಟ್ಟೆಗಳನ್ನು ಸುತ್ತಿಗೆಯಿಂದ ಬಡಿದರೆ ದನಿ ಏರುತ್ತದೆ, ಇಳಿಯುತ್ತದೆ. ಹಲಗೆಯನ್ನು ಬೆಂಕಿಗೆ ಹಿಡಿದರೆ ಏರುತ್ತದೆ. ಖಂಜಿರಕ್ಕೆ ನೀರು ಚಿಮುಕಿಸಿದರೆ ಇಳಿಯುತ್ತದೆ. ಘನವಾದ್ಯ ಹಾಗಲ್ಲ, ಯಾವ ದನಿಯಲ್ಲಿ ಹುಟ್ಟಿತೋ ಅದೇ ದನಿಯಲ್ಲಿ ಸಾಯುತ್ತದೆ.

ಸ್ಟುಡಿಯೋದಲ್ಲಿ ಈ ವಿಂಗಡಣೆ ಯಾರಿಗೂ ಬೇಕಾಗಿರಲಿಲ್ಲ. ಅಲ್ಲಿ ಇದ್ದದ್ದು ಮೇನ್ ರಿದಂ ಮತ್ತು ಸೈಡ್ ರಿದಂ. ಮೇನ್ ಅಂದರೆ ತಬಲಾ, ಢೋಲಕ್, ಮೃದಂಗ. ಅವರಿಗೆ ಮುಂದಿನ ಜಾಗ, ಒಬ್ಬೊಬ್ಬರಿಗೆ ಒಂದೊಂದು ಮೈಕು, ಚಹಾ ಮೊದಲು. ಸೈಡ್ ಅಂದರೆ ಗೆಜ್ಜೆ, ತಾಳ, ಖಂಜಿರ, ಅಕ್ಕಿ ಹಾಕಿ ಅಲ್ಲಾಡಿಸುವ ಡಬ್ಬಿ. ಅವರೆಲ್ಲ ಬಾಗಿಲ ಹತ್ತಿರ ನಿಂತುಕೊಂಡು ಒಂದೇ ಮೈಕಿಗೆ ಬಾರಿಸಬೇಕು. ನಾನು ತಬಲಾ ಕಲಿತವಳು. ಬದುಕೆಲ್ಲ ಬಾಗಿಲ ಹತ್ತಿರ ನಿಂತೆ.

ನನಗೆ ತಬಲಾ ಕಲಿಸಿದವರು ನಮ್ಮಪ್ಪ. ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು, ಸಂಜೆ ಭಜನೆಗೆ ತಬಲಾ ನುಡಿಸುತ್ತಿದ್ದರು. ನನ್ನ ಅಣ್ಣನನ್ನು ಎಷ್ಟು ಬಡಿದು ಕೂರಿಸಿದರೂ ಅವನು ಕೂರಲಿಲ್ಲ. ಬಡಿಯದೆಯೇ ನಾನು ಕೂತೆ. "ಕೈ ಅಂಬೋದು ಗಂಡ್ಸಂದು ಹೆಂಗ್ಸಂದು ಅಂತ ಇರಂಗಿಲ್ಲವ್ವಾ, ಸಾಫ್ ಐತೋ ಇಲ್ಲೋ ಅಷ್ಟ" ಎನ್ನುತ್ತಿದ್ದರು. ಅಪ್ಪ ಹೇಳಿದ ಎಲ್ಲ ಮಾತುಗಳಲ್ಲಿ ಲೋಕಕ್ಕೆ ಸ್ವಲ್ಪವೂ ಹೊಂದದ ಮಾತು ಅದೊಂದೇ.

ಮದುವೆಯಾಗಿ ಹೈದರಾಬಾದಿಗೆ ಬಂದೆ. ಯಜಮಾನರಿಗೆ ಬೇಗಂಪೇಟೆಯ ಒಂದು ಕಂಪನಿಯಲ್ಲಿ ಗುಮಾಸ್ತಿಕೆ. ನನ್ನ ತಬಲಾ ಕೇಳಿ ಅವರು ಹಿಗ್ಗುತ್ತಿದ್ದರು. ಅವರೇ ಯಾರನ್ನೋ ವಿಚಾರಿಸಿ ನನ್ನನ್ನು ಗುಂಡೇರಾಯರ ಹತ್ತಿರ ಕರೆದುಕೊಂಡು ಹೋದರು. ಗುಂಡೇರಾಯರು ಮೂಲತಃ ಬೀದರ್ ಕಡೆಯವರು, ಊರಿನ ದೊಡ್ಡದೊಂದು ಸ್ಟುಡಿಯೋದಲ್ಲಿ ರಿದಂ ವಿಭಾಗದ ಮುಖ್ಯಸ್ಥರು. ಯಾವ ಹಾಡಿಗೆ ಯಾರು ಏನು ಬಾರಿಸಬೇಕೆಂದು ತೀರ್ಮಾನಿಸುವವರು ಅವರೇ. ಎತ್ತರದ ಆಳು, ಬಿಳಿ ಜುಬ್ಬಾ, ಬಾಯಲ್ಲಿ ಪಾನ್. ನನ್ನನ್ನು ಕೂರಿಸಿ ನುಡಿಸಲು ಹೇಳಿದರು. ಕಣ್ಣು ಮುಚ್ಚಿ ಕೇಳಿದರು. ನಡುವೆ ಒಂದು ಸಲ ಅವರಿಗೆ ಗೊತ್ತಿಲ್ಲದೆಯೇ ತಲೆ ತೂಗಿತು. ಅದನ್ನು ನಾನು ನೋಡಿದೆ.

"ನಮ್ಮ ಕಡಿ ಹುಡಿಗಿ, ಬ್ಯಾಡ ಅನ್ನಾಕ ಆಗಂಗಿಲ್ಲ" ಎಂದು ಯಜಮಾನರಿಗೆ ಹೇಳಿದರು. "ಆದ್ರ ಹೆಂಗಸು ತಬಲಾಕ ಕುಂತ್ರ ಹಾಲ್‌ನಾಗ ಯಾರಿಗೂ ಕೆಲಸದ ಮ್ಯಾಲ ಲಕ್ಷ ಇರಂಗಿಲ್ಲರಿ. ಸೈಡ್ ರಿದಂಗ ಬರಲಿ. ಮುಂದ ನೋಡೂಣು."

ಆ ಮುಂದೆ ಎನ್ನುವುದು ಯಾವತ್ತು ಎಂದು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆಗಿನ ರೆಕಾರ್ಡಿಂಗ್ ಈಗಿನಂತಲ್ಲ. ಹಾಡುವವರು, ಪಿಟೀಲಿನವರು, ಕೊಳಲಿನವರು, ನಾವು, ಎಲ್ಲರೂ ಒಂದೇ ಹಾಲಿನಲ್ಲಿ. ಗಾಜಿನ ಆಚೆ ಸೌಂಡ್ ಇಂಜಿನಿಯರ್ ಸಲೀಂ ಸಾಹೇಬರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಮೊದಲ ದಿನವೇ ತಪ್ಪಿದವಳು ನಾನು. ಕೈಗೆ ಗೆಜ್ಜೆ ಕಟ್ಟಿಕೊಂಡು ಸರಿಯಾಗಿಯೇ ಬಾರಿಸುತ್ತಿದ್ದೆ. ಹಾಡು ಮುಗಿಯುತ್ತ ಬಂದಾಗ ಸಲೀಂ ಸಾಹೇಬರು ನಿಲ್ಲಿಸಿದರು. ಏನೋ ಗಾಜಿನ ಸದ್ದು ಬರುತ್ತಿದೆ ಎಂದರು. ಮತ್ತೆ ಶುರು, ಮತ್ತೆ ಅದೇ ಸದ್ದು. ಕೊನೆಗೆ ಅವರೇ ಹಾಲಿನೊಳಗೆ ಬಂದು ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನ ಮುಂದೆ ನಿಂತರು. "ಬೀಬಿ, ಚೂಡಿಯಾಂ ಉತಾರೋ. ಯೆ ಮೈಕ್ ಹೈ, ಮಂಗ್ನಿ ನಹೀ" ಎಂದರು. ಬಳೆ ತೆಗಿ, ಇದು ಮೈಕು, ನಿಶ್ಚಿತಾರ್ಥವಲ್ಲ. ಹಾಲೆಲ್ಲ ನಕ್ಕಿತು. ಮದುವೆಯ ಹಸಿರು ಬಳೆ, ಬಿಗಿಯಾಗಿ ಕೂತಿದ್ದವು, ಎಳೆದರೂ ಬರಲಿಲ್ಲ. ಹೊರಗೆ ನಲ್ಲಿಯ ಹತ್ತಿರ ಹೋಗಿ ಒಡೆದುಕೊಂಡೆ. ಮುಂಗೈ ಗೀರಿ ರಕ್ತ ಬಂತು. ಒರೆಸಿಕೊಂಡು ಬಂದು ಗೆಜ್ಜೆ ಹಿಡಿದೆ.

ಮನೆಯಲ್ಲಿ ಊಟಕ್ಕೆ ಬಡಿಸುವಾಗ ಅತ್ತೆಯವರ ಕಣ್ಣು ಬಿತ್ತು. "ಗಂಡ ಕಣ್ಣ ಮುಂದ ಉಣ್ಣಾಕ ಕುಂತಾನ, ಇಕಿ ಬರೇಗೈಲೆ ನೀಡಾಕತ್ತಾಳ" ಎಂದು ತಾಟು ಸರಿಸಿ ಎದ್ದುಬಿಟ್ಟರು. ಅಲ್ಲಿಂದ ಮುಂದೆ ಜಾರುವ ಬಳೆ ಹಾಕಿಕೊಂಡೆ. ಸ್ಟುಡಿಯೋ ಮೆಟ್ಟಿಲ ಮೇಲೆ ತೆಗೆಯುವುದು, ಬಸ್ಸಿನಲ್ಲಿ ಮತ್ತೆ ಹಾಕಿಕೊಳ್ಳುವುದು. ನೀವು ಈಗಿನ ಹುಡುಗಿಯರು ಬಳೆಯನ್ನೇ ಹಾಕುವುದಿಲ್ಲ, ಒಳ್ಳೆಯದು.

ಘಟದ ಕಥೆಯನ್ನೂ ಹೇಳಬೇಕು. ಘಟ ನುಡಿಸುವವನು ಆ ದಿನ ಬರಲಿಲ್ಲ, ಜ್ವರ. ಹಾಡಿನಲ್ಲಿ ಅದಕ್ಕೊಂದು ಸಣ್ಣ ಜಾಗ ಇತ್ತು. ನನಗೆ ಬರುತ್ತದೆ ಎಂದೆ. ಆಗ ನಾನು ತುಂಬಿದ ಬಸುರಿ. ಘಟವನ್ನು ನುಡಿಸುವವರು ಅದರ ಬಾಯನ್ನು ಬರಿ ಹೊಟ್ಟೆಗೆ ಒತ್ತಿ ಹಿಡಿಯುತ್ತಾರೆ. ಹೊಟ್ಟೆಯನ್ನು ಹತ್ತಿರ ತಂದು ದೂರ ಸರಿಸಿದರೆ ಒಳಗಿನ ಗಾಳಿ ಗುಮ್ಮೆನ್ನುತ್ತದೆ. ನಾನು ಘಟವನ್ನು ಮಡಿಲಲ್ಲಿ ಇಟ್ಟುಕೊಳ್ಳುವಷ್ಟರಲ್ಲಿ ಗುಂಡೇರಾಯರು ಮುಂದಿನ ಸಾಲಿನಿಂದ, "ಒಂದು ಘಟ ಆಗಲೇ ಅಲ್ಲೈತಿ, ಎರಡನೇದು ಎಲ್ಲಿ ಇಡ್ತಾಳೋ ಮಾರಾಯಾ!" ಎಂದರು. ಅದನ್ನೇ ತೆಲುಗಿನಲ್ಲಿಯೂ ಹೇಳಿದರು, ಯಾರಿಗೂ ತಪ್ಪದಿರಲಿ ಎಂದು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನೂ ನಕ್ಕೆ. ಅಲ್ಲಿ ನಗದಿದ್ದರೆ ಅಳಬೇಕಾಗುತ್ತಿತ್ತು, ಅತ್ತರೆ ಮಾರನೆಯ ದಿನ ಕರೆ ಬರುತ್ತಿರಲಿಲ್ಲ. ಘಟದ ಬಾಯನ್ನು ಮೇಲೆ ಮಾಡಿ ಬರಿ ಬೆರಳಲ್ಲೇ ನುಡಿಸಿದೆ, ಒಂದೇ ಸಲಕ್ಕೆ ಸರಿಯಾಯಿತು. ಅದನ್ನು ಯಾರೂ ನೆನಪಿಡಲಿಲ್ಲ. 'ಡಬಲ್ ಘಟಂ' ಎಂಬ ಹೆಸರು ಮಾತ್ರ ಉಳಿಯಿತು. ಮಗ ಶಾಲೆಗೆ ಹೋಗುವಷ್ಟು ದೊಡ್ಡವನಾದರೂ ಅಲ್ಲಿ ಕೆಲವರು ಹಾಗೆಯೇ ಕರೆಯುತ್ತಿದ್ದರು.

ಇನ್ನು ಆ ಹಾಡು.

ಹೆಣ್ಣು ಒಪ್ಪಿಸಿ ಕಳಿಸುವ ಸಂದರ್ಭದ ಹಾಡು ಅದು. ಹೆಸರು ಹೇಳುವುದಿಲ್ಲ. ಆದರೆ ಈ ಊರಿನಲ್ಲಿ ಮದುವೆಗೆ ಹೋದವರೆಲ್ಲ ಕೇಳಿರುತ್ತೀರಿ. ಮಾತು ಶುರುವಾಗುವುದಕ್ಕಿಂತ ಮೊದಲು ತಬಲಾ ಒಂದೇ ನುಡಿಯುತ್ತದೆ. ಅವಸರವಿಲ್ಲದೆ, ಹೋಗಲು ಮನಸ್ಸಿಲ್ಲದವರು ಹೆಜ್ಜೆ ಇಡುವ ಹಾಗೆ. ಅದನ್ನು ನುಡಿಸಬೇಕಾಗಿದ್ದವರು ಗುಂಡೇರಾಯರು. ಆ ಬೆಳಗ್ಗೆ ಅವರ ಬಲಗೈ ತೋರುಬೆರಳು ಉಗುರುಸುತ್ತಾಗಿ ಬದನೆಕಾಯಿಯಂತೆ ಊದಿತ್ತು. ಹಾಡುವಾಕೆ ಮದರಾಸಿನಿಂದ ಬಂದಿದ್ದರು, ಮಧ್ಯಾಹ್ನದ ವಿಮಾನಕ್ಕೆ ವಾಪಸು ಹೋಗಬೇಕು. ಬೇರೆ ಇಬ್ಬರು ತಬಲಾದವರಿಗೆ ಹೇಳಿ ಕಳಿಸಿದರೆ ಇಬ್ಬರೂ ಸಿಕ್ಕಲಿಲ್ಲ. ಹೊಸದಾಗಿ ರಿದಂನವರಿಗೆಂದು ಪಕ್ಕದಲ್ಲಿ ಮರದ ಗೋಡೆಯ ಕೋಣೆ ಮಾಡಿದ್ದರು. ಸಣ್ಣ ಗಾಜಿನ ಕಿಂಡಿಯಿಂದ ಸಲೀಂ ಸಾಹೇಬರಿಗೆ ಮಾತ್ರ ನಾವು ಕಾಣುತ್ತಿದ್ದೆವು. ಸಂಗೀತ ನಿರ್ದೇಶಕರು ಸಾಹೇಬರ ಬೆನ್ನ ಹಿಂದೆ ಸೋಫಾದ ಮೇಲೆ ಕಣ್ಣು ಮುಚ್ಚಿ ಒರಗಿ ಕೇಳುವವರು.

ಆಗ ಕೋಣೆಯಲ್ಲಿ ನಾವಿಬ್ಬರೇ. ಗುಂಡೇರಾಯರು ಆ ಕಿಂಡಿಯ ಕಡೆ ನೋಡಿದರು, ತಮ್ಮ ಬೆರಳು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಶಾಂತಾ, ನೀ ಕೂಡು."

ಕೈಯ ಗೆಜ್ಜೆ ಬಿಚ್ಚಿ ಕೂತೆ. ಸುತ್ತಿಗೆ ಹಿಡಿದು ತಬಲಾವನ್ನು ಹಾಡುವಾಕೆಯ ಶ್ರುತಿಗೆ ತಂದೆ. ಎಣಿಕೆ ಶುರುವಾಯಿತು. ಆ ಮೂರು ನಾಲ್ಕು ನಿಮಿಷಗಳಲ್ಲಿ ನನಗೆ ಗುಂಡೇರಾಯರೂ ಕಾಣಲಿಲ್ಲ, ಯಾರೂ ಕಾಣಲಿಲ್ಲ. ನನ್ನನ್ನು ಕಾಚಿಗೂಡದ ರೈಲು ಹತ್ತಿಸುವಾಗ ಅಪ್ಪ ಕಿಟಕಿಯ ಸರಳು ಹಿಡಿದು ಸ್ವಲ್ಪ ದೂರ ನಡೆದುಬಂದಿದ್ದರು. ಆ ನಡಿಗೆ ಬಂತು ಕೈಗೆ. ಒಂದೇ ಟೇಕ್.

ಆಮೇಲೆ ಗೋಡೆಯ ಸ್ಪೀಕರಿನಲ್ಲಿ ನಿರ್ದೇಶಕರ ದನಿ. "ಗುಂಡೇರಾವ್ ಗಾರು, ಅದ್ಭುತಂ! ಏಡಿಪಿಂಚಾರು!" ನನ್ನನ್ನು ಅಳಿಸಿಬಿಟ್ಟಿರಿ ಎಂದರು. ನಾನು ಗುಂಡೇರಾಯರ ಮುಖ ನೋಡಿದೆ. ಮಾತಾಡುವ ಮೈಕಿನ ಗುಂಡಿ ಅವರ ಬದಿಯಲ್ಲಿತ್ತು. ಅವರು ಬಾವು ಬಂದ ಬೆರಳಿನಿಂದಲೇ ಅದನ್ನು ಒತ್ತಿದರು.

"ಥ್ಯಾಂಕ್ಯೂ ಸಾರ್" ಎಂದರು.

ಕಿಂಡಿಯಲ್ಲಿ ಸಲೀಂ ಸಾಹೇಬರು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವರು ತಲೆ ತಗ್ಗಿಸಿ ಟೇಪು ಸುತ್ತತೊಡಗಿದರು. ಅವರದೂ ಹೊಟ್ಟೆಪಾಡು.

ಹೊರಗೆ ಬಂದ ಮೇಲೆ ಕೇಳಿದೆ. "ಯಾಕ ಹಂಗ ಹೇಳಿದ್ರಿ ರಾಯರ?"

ಅವರು ಪಾನ್ ಉಗುಳಿ ಬಂದು ಸಮಾಧಾನದಿಂದಲೇ ಹೇಳಿದರು. "ನೋಡವ್ವಾ, ಹೆಸರು ಡಿಪಾರ್ಟ್‌ಮೆಂಟಿಂದು. ಕೈ ಯಾರದಾರ ಇರಲಿ. ಹೆಂಗಸು ಬಾರಿಸ್ಯಾಳ ಅಂತ ಇವತ್ತ ಹೇಳಿದ್ರ ನಾಳಿ ಏನಂತಾರ? ಗುಂಡೇರಾಯಂದು ಆತು, ಮುಗೀತು ಅಂತಾರ. ನಾ ಹೋದ್ರ ನಿನಗ ಗೆಜ್ಜಿ ಕೊಡಾವ್ರು ಯಾರು? ಹೇಳು ನೋಡೂಣು."

ಉತ್ತರ ನನಗೆ ಗೊತ್ತಿತ್ತು. ಯಾರೂ ಇರಲಿಲ್ಲ. ಆಗಲೇ ಬೇರೆ ಕಡೆ ಕೇಳಿ ಬಂದಿದ್ದೆ. ಒಬ್ಬರು ಕೋರಸ್ ಹಾಡುತ್ತೀರಾ ಎಂದರು, ಇನ್ನೊಬ್ಬರು ಮನೆಯಲ್ಲಿ ಏನು ತೊಂದರೆ ಎಂದು ವಿಚಾರಿಸಿದರು. ಮಾರನೆಯ ದಿನ ಬಾಗಿಲ ಹತ್ತಿರ ನಿಂತು ಅಕ್ಕಿ ಡಬ್ಬಿ ಅಲ್ಲಾಡಿಸಿದೆ.

ಹಾಡು ಊರೆಲ್ಲ ಹಬ್ಬಿತು. ಸಿಕಂದರಾಬಾದಿನ ಒಂದು ಸಂಘದವರು ಗುಂಡೇರಾಯರಿಗೆ ಸನ್ಮಾನ ಮಾಡಿದರು. ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ನನ್ನನ್ನು ಅವರ ಮನೆಯವರಾದ ಕಮಲಾಬಾಯಿಯ ಪಕ್ಕದಲ್ಲಿ ಕೂರಿಸಿದರು. ಭಾಷಣ ಮಾಡಿದವರೊಬ್ಬರು ಆ ಮೊದಲ ಪೆಟ್ಟುಗಳನ್ನು ಬಾಯಲ್ಲಿ ಹೇಳಿ ತೋರಿಸಿ, ಇಂಥ ಕೈ ನೂರು ವರ್ಷಕ್ಕೊಂದು ಹುಟ್ಟುತ್ತದೆ ಎಂದರು. ರಾಯರು ಎರಡೂ ಕೈ ಎತ್ತಿ ಮುಗಿದರು. ಶಾಲು ಅವರು ಇಟ್ಟುಕೊಂಡರು. ಹಣ್ಣಿನ ಬುಟ್ಟಿ ಮಾರನೆಯ ದಿನ ನಮ್ಮ ಮನೆಗೆ ಬಂತು. ಸೇಬು, ದಾಳಿಂಬೆ, ಮೇಲೊಂದು ಜರಿ ಹಾಳೆ. ಯಜಮಾನರು ಅದನ್ನು ಬದಿಗೆ ಸರಿಸಿ ಆಫೀಸಿಗೆ ಹೋದರು. ನಾನು ಬಿಸಾಡಲಿಲ್ಲ. ಕತೆಗಳಲ್ಲಾದರೆ ಬಿಸಾಡುತ್ತಾರೆ. ಮನೆಯಲ್ಲಿ ಬೆಳೆಯುವ ಮಗ ಇದ್ದ, ಸೇಬು ಚೆನ್ನಾಗಿಯೇ ಇದ್ದವು, ಹೆಚ್ಚಿ ಕೊಟ್ಟೆ.

ಹೀಗೆ ವರ್ಷಗಳು ಹೋದವು. ಟೇಪು ಹೋಗಿ ಕಂಪ್ಯೂಟರ್ ಬಂತು. ಎಲ್ಲರೂ ಒಟ್ಟಿಗೆ ಬಾರಿಸುವುದು ನಿಂತಿತು. ಒಬ್ಬೊಬ್ಬರೇ ಬೇರೆ ಬೇರೆ ದಿನ ಬಂದು ಕಿವಿಗೆ ಯಂತ್ರ ಹಾಕಿಕೊಂಡು ಅದರೊಳಗಿನ ಟಿಕ್ ಟಿಕ್ ಸದ್ದಿಗೆ ಬಾರಿಸಿ ಹೋಗುವ ಪದ್ಧತಿ ಬಂತು. ಹಾಡುವವರ ಮುಖ ನಮಗೆ ಗೊತ್ತಿಲ್ಲ, ನಮ್ಮದು ಅವರಿಗೆ ಗೊತ್ತಿಲ್ಲ. ಹಳಬರು ಗೊಣಗಿದರು. ನನಗೆ ಅಷ್ಟು ದುಃಖವಾಗಲಿಲ್ಲ. ಒಬ್ಬಳೇ ಬಾರಿಸುವಾಗ ಯಾರೂ ನಗುವುದಿಲ್ಲ.

ತೆಲಂಗಾಣ ಬೇರೆ ರಾಜ್ಯವಾದ ಹೊಸತರಲ್ಲಿ ಹಾಡುಗಳಿಗೆಲ್ಲ ಡಪ್ಪು ಬೇಕೇ ಬೇಕು ಎನ್ನುವಂತಾಯಿತು. ನಮ್ಮ ಹಲಗೆಯ ಹಾಗೆಯೇ ಅದು. ಹಳ್ಳಿಯಿಂದ ಒಂದು ಮೇಳದವರನ್ನು ಕರೆಸಿದರು. ಅವರನ್ನು ಕಾವಲಿನವನು ಬಹಳ ಹೊತ್ತು ಗೇಟಿನ ಹೊರಗೇ ನಿಲ್ಲಿಸಿದ್ದ. ಒಳಗೆ ಬಂದರೆ ಏಸಿಯ ತಣ್ಣನೆ ಕೋಣೆ. ಡಪ್ಪು ಬಡಿದರೆ ಬೇಕಾದ ದನಿ ಏಳಲಿಲ್ಲ. ಅವರಲ್ಲಿ ಹಿರಿಯನಾದವನು ಹಳೆಯ ಪೇಪರು ಕೇಳಿ ತೆಗೆದುಕೊಂಡು ವರಾಂಡದ ಮೂಲೆಯಲ್ಲಿ ಉರಿಸಿ ಡಪ್ಪು ಕಾಯಿಸತೊಡಗಿದ. ಹೊಗೆ ಮೇಲೆ ಹೋಗಿದ್ದೇ ತಡ, ಬೆಂಕಿ ಎಚ್ಚರಿಕೆಯ ಗಂಟೆ ಇಡೀ ಕಟ್ಟಡದಲ್ಲಿ ಹೊಡೆದುಕೊಳ್ಳತೊಡಗಿತು. ಮ್ಯಾನೇಜರು ಓಡಿ ಬಂದು ಬಾಯಿಗೆ ಬಂದಂತೆ ಬೈದ. ಆ ಹಿರಿಯ ಡಪ್ಪು ಎದೆಗೆ ಹಿಡಿದುಕೊಂಡು, "ಸಲ್ಲಗುಂಟೇ ಇದಿ ಮಾಟ್ಲಾಡದು ಸಾರ್" ಎಂದ. ತಣ್ಣಗಿದ್ದರೆ ಇದು ಮಾತಾಡುವುದಿಲ್ಲ. ಕೊನೆಗೆ ಹಿಂದಿನ ಅಂಗಳದಲ್ಲಿ ಬೆಂಕಿ ಹಾಕಿ, ಅಲ್ಲಿಗೇ ಮೈಕು ಎಳೆದು, ಇಡೀ ದಿನ ಅವರ ಕೈಯಲ್ಲಿ ಬಗೆಬಗೆಯಾಗಿ ಬಾರಿಸಿಸಿ ಕಂಪ್ಯೂಟರಿನಲ್ಲಿ ಹಿಡಿದಿಟ್ಟುಕೊಂಡರು. ಆ ಮೇಳದವರನ್ನು ಆಮೇಲೆ ಯಾರೂ ಕರೆಯಲಿಲ್ಲ. ಅವರ ಡಪ್ಪು ಮಾತ್ರ ಅದೆಷ್ಟೋ ಹಾಡುಗಳಲ್ಲಿ ಬಂತು. ನಾನು ಅದನ್ನು ನೋಡಿ ಪಾಪ ಎಂದುಕೊಂಡೆ. ನನ್ನ ಸರದಿ ಹತ್ತಿರ ಬಂದಿದೆ ಎಂದು ಹೊಳೆಯಲಿಲ್ಲ.

ಗುಂಡೇರಾಯರಿಗೆ ಆ ಹೊತ್ತಿಗೆ ಕೈ ನಡುಗುವ ಕಾಯಿಲೆ. ಮೈಸೂರಿನ ಇಬ್ಬರು ಹುಡುಗರು ಅವರ ಹತ್ತಿರ ಬಂದರು. ವಾದ್ಯಗಳ ಒಂದೊಂದೇ ಪೆಟ್ಟು ಹಿಡಿದು ಕಂಪ್ಯೂಟರಿಗೆ ಹಾಕಿ, ಜಗತ್ತಿನಲ್ಲಿ ಯಾರು ಬೇಕಾದರೂ ಬಳಸುವ ಹಾಗೆ ಮಾಡುತ್ತಾರಂತೆ. ರಾಯರು ನನ್ನನ್ನು ಕಳಿಸಿದರು. ಹುಡುಗರು ಒಳ್ಳೆಯವರು, ಕುರ್ಚಿ ಕೊಟ್ಟರು, ಬಿಸಿನೀರು ಕೇಳಿ ತಂದುಕೊಟ್ಟರು. "ಮೇಡಂ, ನೀವು ತಾಳ ಗೀಳ ಏನೂ ಯೋಚ್ನೆ ಮಾಡ್ಬೇಡಿ. ಸುಮ್ನೆ ಒಂದೊಂದೇ ಪೆಟ್ಟು ಕೊಡಿ. ಮೆತ್ತಗೆ, ಮಧ್ಯಮ, ಜೋರಾಗಿ" ಎಂದರು. ತಬಲಾದ 'ನಾ' ಎಂಬ ಪೆಟ್ಟು ಒಂದು. ಅದರ ಸದ್ದು ಪೂರ್ತಿ ಆರುವವರೆಗೂ ಉಸಿರು ಹಿಡಿದು ಕೂರಬೇಕು. ಮತ್ತೆ 'ನಾ'. ಆಮೇಲೆ 'ತಿನ್'. ಎರಡು ಪೆಟ್ಟಿನ ನಡುವೆ ಇರುವುದೇ ತಬಲಾ ಎಂದು ಅಪ್ಪ ಕಲಿಸಿದ್ದರು. ಈ ಹುಡುಗರಿಗೆ ಆ ನಡುವಿನದು ಬೇಕಾಗಿರಲಿಲ್ಲ. ಆದರೂ ಹೇಳುತ್ತೇನೆ, ನನಗೆ ಆ ದಿನಗಳು ಹಿತವಾಗಿದ್ದವು. ತಬಲಾ, ಎಡಗೈಯ ಡಗ್ಗಾ, ಢೋಲಕ್, ಎಲ್ಲವನ್ನೂ ನನ್ನ ಮುಂದೆ ಇಟ್ಟು, ನೀವೇ ಬಾರಿಸಿ ಎಂದವರು ಅವರೇ ಮೊದಲು. ಅದು ಹೊರಗೆ ಬಂದಾಗ ಯಾರ ಹೆಸರೂ ಇರಲಿಲ್ಲ. 'ದಖ್ಖನಿ ಕೈ' ಎಂದು ಏನೋ ಇಟ್ಟಿದ್ದರಂತೆ.

ಕರೆಗಳು ಒಂದೊಂದಾಗಿ ನಿಂತವು. ಕೊನೆಯದಾಗಿ ಬಂದ ಕರೆಯನ್ನು ಹೇಳಿ ಈ ಭಾಗ ಮುಗಿಸುತ್ತೇನೆ. ಕೀಬೋರ್ಡಿನ ಹುಡುಗನೊಬ್ಬ, ಕಲಬುರಗಿಯವನು, ಒಂದು ಹಾಡಿಗೆ ಕಂಪ್ಯೂಟರಿನಲ್ಲೇ ತಬಲಾ ಸಿದ್ಧಪಡಿಸಿದ್ದ. ಒಂದು ಕಡೆ ಮಾತ್ರ ನಿಜವಾದ ಕೈ ಬೇಕು, ಯಂತ್ರದಲ್ಲಿ ಅಲ್ಲಿ ಜೀವ ಬರುವುದಿಲ್ಲ ಎಂದು ನನ್ನನ್ನು ಕರೆದಿದ್ದ. ಎರಡು ಬೆರಳಿನಿಂದ ಒತ್ತಿ ಕೇಳಿಸಿದ. ಮೊದಲ ಪೆಟ್ಟಿಗೇ ನನಗೆ ಗೊತ್ತಾಯಿತು. ನಮ್ಮ ಮಗುವಿನ ಅಳು ನಮಗೆ ಗೊತ್ತಾಗುವುದಿಲ್ಲವೇ?

"ಈ ಸೌಂಡ್ ಭಾಳ ಮಸ್ತ್ ಐತಿ ನೋಡ್ರಿ ಮೇಡಂ" ಎಂದ. "ಯಾರೋ ದೊಡ್ಡ ಉಸ್ತಾದ್ ಇರಬೇಕು. ನಿಮಗ ಇದಕ್ಕ ಮ್ಯಾಚ್ ಆಗೂಹಂಗ ಬಾರಿಸಾಕ ಆಗತೈತೇನ್ರಿ?"

"ನೋಡೂಣು" ಎಂದೆ. ಬಾರಿಸಿದೆ. ಮತ್ತೆ ಬಾರಿಸಿದೆ. ಬೆರಳಿನ ಗಂಟುಗಳು ನೋಯುತ್ತಿದ್ದವು. ಅವನು ಎರಡನ್ನೂ ಒಂದರ ಹಿಂದೊಂದು ಕೇಳಿಸಿ ಮುಖ ಸಣ್ಣದು ಮಾಡಿದ. ಮರ್ಯಾದಸ್ಥ ಹುಡುಗ, ನೋಯದ ಹಾಗೆ ಹೇಳಲು ಬಹಳ ಒದ್ದಾಡಿದ. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ದು ಚಲೋ ಐತ್ರಿ. ಆದ್ರ ಆ ಕ್ಲಿಯರ್‌ನೆಸ್ ಬರವಲ್ದು. ಕಂಪ್ಯೂಟರಿಂದನ ಇಟ್ಕೋತೀನ್ರಿ."

ಅದು ನನ್ನ ಕೈ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂತು. ನಂಬುತ್ತಿದ್ದನೋ ಇಲ್ಲವೋ. ನಂಬಿದರೆ ಕನಿಕರ ಪಡುತ್ತಿದ್ದ, ಅದು ಇನ್ನೂ ಕೆಟ್ಟದ್ದು. ತಬಲಾಕ್ಕೆ ಗವಸು ಹಾಕಿ ಎದ್ದು ಬಂದೆ. ಆಮೇಲೆ ಯಾವ ಸ್ಟುಡಿಯೋದ ಮೆಟ್ಟಿಲನ್ನೂ ಹತ್ತಲಿಲ್ಲ. ನನ್ನ ನಿವೃತ್ತಿ ಎಂದರೆ ಅಷ್ಟೇ. ಹಾರ ಇಲ್ಲ, ಭಾಷಣ ಇಲ್ಲ.

ಗುಂಡೇರಾಯರು ಹೋದ ವರ್ಷ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯನ್ನು ಒಂದು ಭಾನುವಾರ ಬೆಳಗ್ಗೆ ಸಿಕಂದರಾಬಾದಿನ ಕಲ್ಯಾಣ ಮಂಟಪವೊಂದರಲ್ಲಿ ಇಟ್ಟಿದ್ದರು. ಹೋಗಬಾರದು ಎಂದುಕೊಂಡಿದ್ದೆ. ಯಜಮಾನರು, "ಸತ್ತವರ ಜೋಡಿ ಜಿದ್ದು ಬ್ಯಾಡ, ಹೋಗಿ ಬಾ" ಎಂದರು. ಹೋದೆ. ವೇದಿಕೆಯ ಮೇಲೆ ರಾಯರ ದೊಡ್ಡ ಫೋಟೋ, ಎದುರಿಗೆ ಹಾರ ಹಾಕಿದ ಅವರ ತಬಲಾ. ಕಮಲಾಬಾಯಿ ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಗಂಡು ಮಕ್ಕಳಿಬ್ಬರೂ ಬಂದವರನ್ನು ಸ್ವಾಗತಿಸುತ್ತ ಬಾಗಿಲಲ್ಲಿದ್ದರು. ನನ್ನನ್ನು ಕಂಡು ಕಮಲಾಬಾಯಿ ತಮ್ಮ ಪಕ್ಕದಲ್ಲಿ ಕೂರಲು ಸನ್ನೆ ಮಾಡಿದರು.

ಮಾತುಗಳಾದವು. ಎಲ್ಲರೂ ತೆಲುಗಿನಲ್ಲಿ ರಾಯರ ಕೈಯನ್ನು ಹೊಗಳಿದರು. ನಿರೂಪಣೆ ಮಾಡುತ್ತಿದ್ದವನು, ಈಗ ಅವರ ಅಮರ ಹಸ್ತವನ್ನು ಕೇಳೋಣ, ಎಲ್ಲರೂ ಕಣ್ಣು ಮುಚ್ಚಿ ಎಂದ. ಆ ಹಾಡು ಶುರುವಾಯಿತು. ಮಾತಿಗಿಂತ ಮೊದಲಿನ ಆ ತಬಲಾ. ಮಂಟಪವೆಲ್ಲ ಕಣ್ಣು ಮುಚ್ಚಿತು. ನಾನು ಮುಚ್ಚಲಿಲ್ಲ. ಕಮಲಾಬಾಯಿಯೂ ಮುಚ್ಚಿರಲಿಲ್ಲ. ಅವರು ನನ್ನ ಕಡೆ ಬಗ್ಗಿದರು.

"ಇದು ನಿಮ್ಮ ಕೈ ಅಲ್ಲೇನ್ರಿ ಶಾಂತಾಬಾಯಿ?"

ನಾನು ದಂಗಾಗಿ ಅವರ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ. "ನಿಮಗ ಯಾರ ಹೇಳಿದ್ರು?"

"ನಮ್ಮನಿಯವರ ಹೇಳಿದ್ರರಿ. ಇದು ಟೀವಿಯೊಳಗ ಬಂದಾಗೆಲ್ಲ ಉಣ್ಣೂದು ಬಿಟ್ಟು ಕೇಳ್ತಿದ್ರು. ಶಾಂತಾನ ಕೈ ನೋಡು, ನನಗ ಜನ್ಮಕ್ಕ ಬರಲಿಲ್ಲ ಇದು, ಅಂತಿದ್ರು. ಎಷ್ಟ ಸಲ ಅಂದಾರ!"

ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಾಗಿತ್ತು ಎಂದು ನೀವು ಅಂದುಕೊಂಡರೆ ನಿಮಗೆ ಈ ಕೆಲಸ ಇನ್ನೂ ಗೊತ್ತಿಲ್ಲ. ನನ್ನ ಮೈ ಉರಿಯಿತು. ರಾಯರಿಗೆ ಮರೆತುಹೋಗಿದೆ, ತಮ್ಮದೇ ಎಂದು ಕ್ರಮೇಣ ನಂಬಿಬಿಟ್ಟಿದ್ದಾರೆ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಸಹಿಸಿದ್ದೆ. ಅವರಿಗೆ ಎಲ್ಲವೂ ನೆನಪಿತ್ತು. ಊಟದ ತಾಟಿನ ಮುಂದೆ ಹೇಳುವುದಕ್ಕೆ ಬಾಯಿತ್ತು, ಆ ಗೋಡೆಯ ಮೈಕಿನಲ್ಲಿ ಹೇಳುವುದಕ್ಕೆ ಇರಲಿಲ್ಲ.

"ಮನ್ಯಾಗ ಹೇಳಿದ್ರ ಯಾರಿಗಿ ಗೊತ್ತಾಗತೈತ್ರಿ?" ಎಂದೆ. ಸಲೀಂ ಸಾಹೇಬರು ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಅದನ್ನು ಕಣ್ಣಾರೆ ಕಂಡವರ ಪೈಕಿ ಉಳಿದವಳು ನಾನೊಬ್ಬಳೇ. "ಇಷ್ಟ ಜನ ಕೂಡ್ಯಾರ. ಇಲ್ಲಿ ಹೇಳ್ರಿ ನೀವು."

ಕಮಲಾಬಾಯಿ ಫೋಟೋ ನೋಡಿದರು, ಬಾಗಿಲಲ್ಲಿದ್ದ ಮಕ್ಕಳನ್ನು ನೋಡಿದರು, ಸೆರಗಿನ ತುದಿ ಸುತ್ತುತ್ತ ಕೂತರು. "ಈಗ ಯಾಕ್ರಿ... ಹ್ವಾದವರ ಮ್ಯಾಲ..." ಎಂದರು. ನಾನು ಮುಖ ತಿರುಗಿಸಿದೆ. ಹಾಡು ಮುಗಿಯಿತು. ಒಂದು ನಿಮಿಷ ಮೌನ ಆಚರಿಸಿದೆವು. ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು ಎಂದು ನಿರೂಪಕ ಕೈಮುಗಿದ. ಜನ ಎದ್ದು ಊಟದ ಮನೆಯ ಕಡೆ ನಡೆದರು. ಕುರ್ಚಿ ಎಳೆಯುವ ಸದ್ದು, ತಟ್ಟೆಗಳ ಸದ್ದು.

ಆಗ ಕಮಲಾಬಾಯಿ ಎದ್ದರು. ಮೊಣಕಾಲಿನ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿ ವೇದಿಕೆಗೆ ಹೋದರು. ಮೈಕಿನ ಮುಂದೆ ನಿಂತು ಸೆರಗು ಸರಿ ಮಾಡಿಕೊಂಡರು. ಕನ್ನಡದಲ್ಲೇ ಹೇಳಿದರು.

"ಎಲ್ಲಾರಿಗೂ ನಮಸ್ಕಾರ್ರಿ. ಒಂದು ಮಾತು ಹೇಳೂದಿತ್ತು. ಈಗ ಹಾಡು ಕೇಳಿದ್ರೆಲ್ಲ, ಅದರಾಗ ತಬಲಾ ಬಾರಿಸಿದ್ದು ನಮ್ಮನಿಯವರಲ್ಲರಿ. ಶಾಂತಾಬಾಯಿ ಬಾರಿಸ್ಯಾರ. ಇಲ್ಲೇ ಕುಂತಾರ. ನಮ್ಮನಿಯವರಿಗಿ ಗೊತ್ತಿತ್ತು, ಹೇಳಾಕ ಧೈರ್ಯ ಆಗಲಿಲ್ಲ. ಅವರ ಪರವಾಗಿ ನಾ ಹೇಳಾಕತ್ತೀನಿ."

ಮೈಕನ್ನು ಆಗಲೇ ಆಫ್ ಮಾಡಿಬಿಟ್ಟಿದ್ದರು. ಸೌಂಡಿನವನು ವೇದಿಕೆಯ ಆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ವೈರು ಸುತ್ತುತ್ತಿದ್ದ. ಅವನೂ ತಲೆ ಎತ್ತಲಿಲ್ಲ. ಕಮಲಾಬಾಯಿಗೆ ಮೊದಲೇ ಕಿವಿ ಮಂದ. ಸ್ಪೀಕರಿನಲ್ಲಿ ತಮ್ಮ ದನಿ ಬರುತ್ತಿಲ್ಲ ಎಂದು ಅವರಿಗೆ ತಿಳಿಯಲೇ ಇಲ್ಲ. ಮುಂದಿನ ಸಾಲಿನಲ್ಲಿ ಉಳಿದಿದ್ದ ನನಗೆ ಮಾತ್ರ ಅವರ ಬರಿ ದನಿ ಕೇಳಿಸಿತು. ಅವರು ಫೋಟೋಕ್ಕೆ ಕೈಮುಗಿದು, ಬೆವರು ಒರೆಸಿಕೊಳ್ಳುತ್ತ ಇಳಿದುಬಂದರು. ನಾನು ಎದ್ದು ಕೈ ಹಿಡಿದು ಇಳಿಸಿಕೊಂಡೆ. ಅವರ ಕೈ ತಣ್ಣಗಿತ್ತು.

"ಕೇಳಿಸ್ತೇನ್ರಿ?" ಎಂದರು. "ಎಲ್ಲಾರಿಗೂ ಕೇಳಿಸ್ತೇನ್ರಿ ಶಾಂತಾಬಾಯಿ?"

ಮಂಟಪದ ತುಂಬ ಖಾಲಿ ಕುರ್ಚಿಗಳು. ಊಟದ ಮನೆಯಿಂದ ಯಾರೋ ಮತ್ತೆ ಸಾರು ಕೇಳುತ್ತಿದ್ದರು.

"ನನಗ ಕೇಳಿಸ್ತ್ರಿ" ಎಂದೆ.